ಬಾವನ್ ಬಂಡೆ, ರಣಮಂಡಲ: ಬಾದಾಮಿ ಕೋಟೆಯ ಹದಿಮೂರು ಶತಮಾನ

ಬಾದಾಮಿಗೆ ಬಂದವರು ನಾಲ್ಕು ಗುಹೆ ನೋಡುತ್ತಾರೆ, ಅಗಸ್ತ್ಯತೀರ್ಥದ ದಂಡೆಯ ಭೂತನಾಥನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬನಶಂಕರಿಗೆ ಹೋಗಿ ಅಲ್ಲಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದ ರೊಟ್ಟಿ, ಕಾಳುಪಲ್ಯ, ಮೊಸರು ಉಂಡು ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಒಂದು ದಿನದ ಪ್ರವಾಸದಲ್ಲಿ ಅಷ್ಟೇ ಆಗುವುದು. ಆದರೆ ಈ ಊರು ರಾಜಧಾನಿಯಾದದ್ದು ಗುಹೆಗಳಿಂದಲ್ಲ. ಗುಹೆಗಳನ್ನು ಕೊರೆಯುವ ಮೊದಲೇ ಇಲ್ಲಿ ಕೋಟೆ ಇತ್ತು. ಅದು ಇದ್ದದ್ದರಿಂದಲೇ ಉಳಿದದ್ದೆಲ್ಲ ಬಂತು.

ಕೋಟೆಗಳು ಎರಡು. ಊರಿನ ಬಡಗಣ ದಿಕ್ಕಿನ ಗುಡ್ಡದ ಮೇಲಿನದು ಬಾವನ್ ಬಂಡೆ ಕೋಟೆ, ಐವತ್ತೆರಡು ಬಂಡೆಗಳ ಕೋಟೆ. ಗುಹೆಗಳ ನೆತ್ತಿಯ ಮೇಲೆ, ತೆಂಕಣ ಗುಡ್ಡದಲ್ಲಿರುವುದು ರಣಮಂಡಲ ಕೋಟೆ. ನಡುವೆ ಅಗಸ್ತ್ಯತೀರ್ಥದ ಹೊಂಡ. ಪಡುವಣಕ್ಕೆ, ಗುಡ್ಡಗಳ ಆಸರೆ ಮುಗಿದು ಬಯಲು ತೆರೆದುಕೊಳ್ಳುವ ಕಡೆ, ಊರು. ಒಂದು ಕಾಲಕ್ಕೆ ಆ ಊರಿನ ಸುತ್ತಲೂ ಗೋಡೆ ಮತ್ತು ಕಂದಕ. ಈ ನಕ್ಷೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಮುತ್ತಿಗೆಗಳೆಲ್ಲ ಇದರಲ್ಲೇ ನಡೆದವು.

ಬಾವನ್ ಬಂಡೆ ಗುಡ್ಡದ ಎತ್ತರದ ಬಂಡೆಯೊಂದರ ಮೇಲೆ ಐದು ಸಾಲಿನ ಸಂಸ್ಕೃತ ಶಾಸನವಿದೆ. 1941ರವರೆಗೆ ವಿದ್ವಾಂಸರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅದರಲ್ಲಿ ಶಕವರ್ಷ 465 ಎಂದು ಸ್ಪಷ್ಟವಾಗಿ ಬರೆದಿದೆ. ಎಂದರೆ ಕ್ರಿ.ಶ. 543. ಚಾಲುಕ್ಯ ವಲ್ಲಭೇಶ್ವರನು ವಾತಾಪಿಯ, ಎಂದರೆ ಇಂದಿನ ಬಾದಾಮಿಯ, ಈ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಮುಟ್ಟಲಾಗದ ಕೋಟೆಯಾಗಿ ಮಾಡಿದನು, ಅಶ್ವಮೇಧವೇ ಮೊದಲಾದ ಯಾಗಗಳನ್ನು ಮಾಡಿದನು ಎಂಬುದು ಅದರ ಸಾರ. ಈ ವಲ್ಲಭೇಶ್ವರನೇ ಒಂದನೆಯ ಪುಲಕೇಶಿ. ಅಲ್ಲಿಯವರೆಗೆ ಅವನ ಕಾಲವನ್ನು ಮಗ ಮೊಮ್ಮಕ್ಕಳ ಆಳ್ವಿಕೆಯಿಂದ ಹಿಂದಕ್ಕೆ ಎಣಿಸಿ ಅಂದಾಜು ಮಾಡುತ್ತಿದ್ದರು. ಈ ಐದು ಸಾಲು ಸಿಕ್ಕ ಮೇಲೆ ಕರ್ನಾಟಕದ ಒಂದು ದೊಡ್ಡ ರಾಜಮನೆತನದ ಆರಂಭಕ್ಕೆ ಖಚಿತವಾದ ವರ್ಷ ಸಿಕ್ಕಿತು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಶಕವರ್ಷವನ್ನು ಹೆಸರು ಹಿಡಿದು ಹೇಳಿದ ಹಳೆಯ ಕಲ್ಬರಹಗಳ ಸಾಲಿನಲ್ಲಿ ಇದೂ ಒಂದು.

ನನ್ನನ್ನು ಈ ಶಾಸನದಲ್ಲಿ ಹಿಡಿದು ನಿಲ್ಲಿಸುವುದು ವರ್ಷವಲ್ಲ, ಅರಸ ಹೇಳಿಕೊಂಡ ಕೆಲಸ. ಗೆದ್ದ ದೇಶಗಳ ಪಟ್ಟಿ ಅದರಲ್ಲಿಲ್ಲ. ಬೆಟ್ಟವನ್ನು ಕೋಟೆ ಮಾಡಿದೆ ಎಂಬುದೇ ಅವನ ಹೆಮ್ಮೆ. ಅವನಿಗೆ ಮೊದಲು ಜಯಸಿಂಹ, ರಣರಾಗ ಎಂಬ ಹೆಸರುಗಳಷ್ಟೇ ವಂಶಾವಳಿಯಲ್ಲಿ ಬರುತ್ತವೆ. ಕದಂಬರ ಬಲ ಕುಗ್ಗುತ್ತಿದ್ದ ಹೊತ್ತಿನಲ್ಲಿ ಮಲಪ್ರಭೆಯ ಬಯಲಿನ ಒಬ್ಬ ನಾಯಕ ತಾನು ಸ್ವತಂತ್ರ ಅರಸ ಎಂದು ಸಾರಬೇಕಾದರೆ ಅವನಿಗೆ ಎರಡು ಬೇಕಿದ್ದವು: ಯಾಗದಿಂದ ಬರುವ ಮನ್ನಣೆ, ಬೆನ್ನಿಗೊಂದು ಗಟ್ಟಿ ಜಾಗ. ಎರಡನ್ನೂ ಅವನು ಒಂದೇ ಬಂಡೆಯ ಮೇಲೆ ಬರೆಸಿದ.

ಈ ಜಾಗದ ಗಟ್ಟಿತನ ಅರ್ಥವಾಗಬೇಕಾದರೆ ಮೇಲೆ ಹತ್ತಿಯೇ ನೋಡಬೇಕು. ಹೊಂಡದ ಬಡಗಣ ದಂಡೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅದರ ಪಕ್ಕದಿಂದ ಮೆಟ್ಟಿಲು ಶುರು. ನಾನು ಹೋದ ದಿನ ಹೊಂಡದ ಪಾವಟಿಗೆಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಸೀರೆ ಹಿಂಡುತ್ತಲೇ ಕೇಳಿದಳು: “ಮ್ಯಾಲ ಕ್ವಾಟಿಗೆ ಹೊಂಟೀಯೇನ್ ತಮ್ಮಾ? ನೀರ ತಗೊಂಡ ಹೋಗು. ಮ್ಯಾಲ ಕುಡ್ಯಾಕ ಹನಿ ನೀರ ಸಿಗೂದಿಲ್ಲ. ಮತ್ತ ಕೈಯಾಗ ತಿನ್ನೂದೇನೂ ಹಿಡ್ಕೋಬ್ಯಾಡ, ಮಂಗ್ಯಾ ಬಿಡೂದಿಲ್ಲ.” ಮಂಗಗಳ ಮಾತು ಆ ಕ್ಷಣಕ್ಕೆ ಉಪಯೋಗಕ್ಕೆ ಬಂತು. ನೀರಿನ ಮಾತು ಈ ಕೋಟೆಯ ಇಡೀ ಇತಿಹಾಸಕ್ಕೇ ಹೊಂದುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೆಟ್ಟಿಲೇರಿ ಅಗಸಿಯೊಂದನ್ನು ದಾಟಿದರೆ ದಾರಿ ಬಂಡೆಗಳ ಸಂದಿಗೆ ನುಗ್ಗುತ್ತದೆ. ಎಡಬಲಕ್ಕೆ ಹಲವಾರು ಆಳೆತ್ತರದ ಕೆಂಪು ಬಂಡೆಗಳು ನೆಟ್ಟಗೆ ನಿಂತಿವೆ. ನಡುವೆ ಕೆಲವು ಕಡೆ ಇಬ್ಬರು ಜೊತೆಯಾಗಿ ನಡೆಯುವಷ್ಟೇ ಜಾಗ. ಆಕಾಶ ಒಂದು ಪಟ್ಟಿಯಷ್ಟು ಕಾಣುತ್ತದೆ, ನಡುಮಧ್ಯಾಹ್ನವೂ ತಂಪು. ಇದು ಕಲಾದಗಿ ಶಿಲಾಸಮೂಹಕ್ಕೆ ಸೇರಿದ ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಪದರಗಳು ಹೆಚ್ಚುಕಡಿಮೆ ಸಮತಟ್ಟಾಗಿಯೇ ಉಳಿದಿವೆ, ಬಿರುಕುಗಳು ಮಾತ್ರ ಮೇಲಿನಿಂದ ಕೆಳಕ್ಕೆ ಸೀಳಿವೆ. ಆದ್ದರಿಂದ ಬೆಟ್ಟದ ಅಂಚು ಇಳಿಜಾರಾಗದೆ ಕಡಿದಾದ ಗೋಡೆಯಾಗಿ ನಿಂತಿದೆ, ಗೋಡೆಯ ಒಳಗೆ ಓಣಿಗಳು ತಾವಾಗಿಯೇ ಆಗಿವೆ. ಇದೇ ಜಿಲ್ಲೆಯ ಇಳಕಲ್ಲಿನ ಸುತ್ತ ಸಿಗುವುದು ಬೇರೆ ಜಾತಿಯ ಕಲ್ಲು, ಹೆಸರಾದ ಕೆಂಪು ಗ್ರಾನೈಟು. ಅದರಲ್ಲಿ ಇಂಥ ಗುಹೆ ಕೊರೆಯುವುದು ತಲೆಮಾರುಗಳ ಕೆಲಸವಾಗುತ್ತಿತ್ತು. ಬಾದಾಮಿಯ ಕಲ್ಲು ಉಳಿಗೆ ಒಲಿಯುತ್ತದೆ, ಕೋಟೆಗೂ ಆಸರೆಯಾಗುತ್ತದೆ.

ಪುಲಕೇಶಿಯ ಕೆಲಸಗಾರರು ಮಾಡಿದ್ದಿಷ್ಟು: ಎಲ್ಲಿ ಬಂಡೆ ಸೀಳಿ ದಾರಿ ಬಿಟ್ಟಿದೆಯೋ ಅಲ್ಲಿ ಮುಚ್ಚಿದರು, ಎಲ್ಲಿ ತಗ್ಗಿದೆಯೋ ಅಲ್ಲಿ ಏರಿಸಿದರು. ಇಡೀ ಬೆಟ್ಟಕ್ಕೆ ಗೋಡೆ ಸುತ್ತುವ ಅಗತ್ಯ ಅವರಿಗೆ ಬೀಳಲಿಲ್ಲ. ಮೇಲಿನಿಂದಲೂ ಕೆಳಗಿನಿಂದಲೂ ಮುಟ್ಟಲಾಗದ್ದು ಎಂದು ಶಾಸನ ಹೇಳಿದ್ದು ಬರಿಯ ಹೊಗಳಿಕೆಯ ಮಾತಲ್ಲ, ನೆಲ ನೋಡಿ ಬರೆದದ್ದು.

ಇಂದು ಅಲ್ಲಿ ಕಾಣುವ ಗೋಡೆಯೆಲ್ಲ ಚಾಲುಕ್ಯರದೆಂದು ತಿಳಿಯಬಾರದು. ಸಂದಿಯೊಂದನ್ನು ಮುಚ್ಚಿದ ಗೋಡೆಯ ಮುಂದೆ ನಿಂತು ಬುಡದಿಂದ ತಲೆಯವರೆಗೆ ನಿಧಾನವಾಗಿ ನೋಡಿ. ಬುಡದಲ್ಲಿ ದೊಡ್ಡ ದೊಡ್ಡ ದಿಮ್ಮಿಗಲ್ಲು, ಒಂದರ ಅಂಚಿಗೆ ಇನ್ನೊಂದರ ಅಂಚು ಕೂಡುವ ಹಾಗೆ ಕೆತ್ತಿ ಇಟ್ಟದ್ದು, ನಡುವೆ ಗಾರೆಯ ಗುರುತಿಲ್ಲ. ಅದರ ಮೇಲೆ ಅಳತೆ ತಪ್ಪಿದ ಸಣ್ಣ ಕಲ್ಲು, ಗಾರೆ ತುಂಬಿದ ಸಂದು. ಎಲ್ಲಕ್ಕೂ ಮೇಲೆ ತೆನೆಗಳು, ತೆನೆಗಳಲ್ಲಿ ಬಂದೂಕಿನ ನಳಿಗೆ ತೂರಿಸಲು ಓರೆಯಾಗಿ ಬಿಟ್ಟ ಕಿಂಡಿ. ಬಿಲ್ಲುಬಾಣದ ಕಾಲದವನಿಗೆ ಆ ಕಿಂಡಿಯಿಂದ ಉಪಯೋಗವಿಲ್ಲ, ತೋಪಿನ ಕಾಲದವನಿಗೆ ಅದಿಲ್ಲದೆ ಗತಿಯಿಲ್ಲ. ಒಂದೇ ಗೋಡೆಯ ಬುಡಕ್ಕೂ ತಲೆಗೂ ಸಾವಿರ ವರ್ಷದ ಅಂತರ ಇರಬಹುದು. ಗುಂಡಗಿನ ಹುಡೇವುಗಳು, ತೋಪು ತಿರುಗಿಸಲು ಕಟ್ಟಿದ ಕಟ್ಟೆ, ಗುಮ್ಮಟದ ಕಣಜಗಳು, ಎಲ್ಲವೂ ಆದಿಲಶಾಹಿಯಿಂದ ಟಿಪ್ಪುವಿನವರೆಗಿನ ತೋಪಿನ ಯುಗದವು. ನಡುವೆ ವಿಜಯನಗರದ ಕೈಯೂ ಇದೆ. ಒಂದನೆಯ ಹರಿಹರನ ಕಾಲಕ್ಕೆ, 1339-40ರಲ್ಲಿ, ಇಲ್ಲಿ ಕೋಟೆ ಕಟ್ಟಿಸಿದ ವಿಷಯವನ್ನು ಬಾದಾಮಿಯ ಶಾಸನವೇ ಹೇಳುತ್ತದೆ. ವಿಜಯನಗರವೆಂಬ ರಾಜ್ಯ ಕಣ್ಣುಬಿಟ್ಟು ಇನ್ನೂ ಕೆಲವೇ ವರ್ಷ. ಅಷ್ಟರಲ್ಲೇ ಅವರ ಕಣ್ಣು ಈ ಗುಡ್ಡದ ಮೇಲೆ ಬಿದ್ದಿತ್ತು.

ಗುಡ್ಡದ ನಡುಭಾಗದಲ್ಲಿ ಕೆಳಗಿನ ಶಿವಾಲಯ, ತುದಿಯಲ್ಲಿ ಮೇಲಿನ ಶಿವಾಲಯ, ಊರ ಕಡೆಗೆ ಬಿಡಿಯಾಗಿ ಎದ್ದ ಬಂಡೆಯ ಮೇಲೆ ಮಾಲೆಗಿತ್ತಿ ಶಿವಾಲಯ. ಏಳನೆಯ ಶತಮಾನದ ಈ ಗುಡಿಗಳು ನಿಂತಿರುವುದು ಕೋಟೆಯ ಒಳಗೆ, ಕಾವಲಿನ ಜಾಗಗಳಲ್ಲೇ. ಮೇಲಿನ ಶಿವಾಲಯದ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನಿದ್ದಾನೆ, ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹನಿದ್ದಾನೆ. ಕೆಳಗಿನ ಶಿವಾಲಯದ ಹೊರಗೋಡೆ, ಪ್ರದಕ್ಷಿಣೆಯ ಹಾದಿ ಎಲ್ಲ ಕಳಚಿಹೋಗಿ ಗರ್ಭಗುಡಿ ಮತ್ತು ಅದರ ಮೇಲಿನ ಎಂಟು ಮೂಲೆಯ ಶಿಖರ ಮಾತ್ರ ಉಳಿದಿವೆ. ಮಾಲೆಗಿತ್ತಿಯಲ್ಲಿ ಆರ್ಯಮಿಂಚಿ ಉಪಾಧ್ಯಾಯನೆಂಬ ಶಿಲ್ಪಾಚಾರ್ಯನ ಹೆಸರು ಕೆತ್ತಿದೆ. ಅರಸರ ಹೆಸರನ್ನು ಶಾಸನಗಳಲ್ಲಿ ಹುಡುಕುವ ನಾವು ಈ ಹೆಸರನ್ನೂ ನೆನಪಿಡಬೇಕು. ಇವರು ಕಟ್ಟಿದ್ದು ಅವರಿಗಿಂತ ಹೆಚ್ಚು ಕಾಲ ನಿಂತಿತು.

ಒಂದನೆಯ ಪುಲಕೇಶಿಯ ಮಗ ಕೀರ್ತಿವರ್ಮ ರಾಜ್ಯ ಬೆಳೆಸಿದ. ಅವನ ತಮ್ಮ ಮಂಗಲೇಶ ಶಕವರ್ಷ 500ರಲ್ಲಿ, ಎಂದರೆ 578ರಲ್ಲಿ, ಮೂರನೆಯ ಗುಹೆಯ ವಿಷ್ಣುಗೃಹ ಮುಗಿಸಿದ. ಅಲ್ಲೇ ಹೊರಬಂಡೆಯ ಮೇಲೆ ಅವನದೊಂದು ಸಣ್ಣ ಕನ್ನಡ ಶಾಸನವಿದೆ: ದೇವರ ಹೂಮಾಲೆಯವರಿಗೆ ಲಂಜಿಗೇಸರವೆಂಬ ಊರು ದತ್ತಿ. ಆ ಊರು ಇಂದಿನ ನಂದಿಕೇಶ್ವರ, ಮಹಾಕೂಟದ ಮಗ್ಗುಲಿನದು. ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ ಚಿಕ್ಕಪ್ಪನೊಂದಿಗೆ ಹೋರಾಡಿ ಸುಮಾರು 610ರಲ್ಲಿ ಪಟ್ಟಕ್ಕೆ ಬಂದ. ನರ್ಮದೆಯ ಕಡೆ ಹರ್ಷವರ್ಧನನನ್ನು ತಡೆದ. 634-35ರಲ್ಲಿ ಅವನ ಆಸ್ಥಾನದ ರವಿಕೀರ್ತಿ ಐಹೊಳೆಯ ಮೇಗುಟಿ ಬಸದಿಯ ಗೋಡೆಗೆ ಆ ವಿಜಯಗಳನ್ನೆಲ್ಲ ಕಾವ್ಯವಾಗಿ ಬರೆದ, ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡ.

ಮೇಗುಟಿಯ ಮಾತು ಬಂದಾಗ ಒಂದು ಗಳಿಗೆ ಅಲ್ಲೂ ನಿಲ್ಲಬೇಕು. ಹುನಗುಂದ ತಾಲೂಕಿನ ಆ ಗುಡ್ಡಕ್ಕೂ ಸುತ್ತ ಕಲ್ಲಿನ ಕೋಟೆಗೋಡೆಯಿದೆ. ಬಸದಿಯ ಹಿಂದೆ, ಅದೇ ಬಂಡೆಹಾಸಿನ ಮೇಲೆ, ಚಾಲುಕ್ಯರಿಗಿಂತ ಎಷ್ಟೋ ಶತಮಾನ ಮೊದಲಿನ ಬೃಹತ್ ಶಿಲಾ ಸಮಾಧಿಗಳಿವೆ: ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದವು. ಮಲಪ್ರಭೆಯ ಈ ಬಯಲಿನ ಜನ ಕಲ್ಲೆತ್ತಿ ಕೂಡಿಸುವುದನ್ನು ಅರಸರಿಂದ ಕಲಿಯಲಿಲ್ಲ. ಆ ಕೈಗುಣ ಮೊದಲೇ ಇತ್ತು. ಅರಸರು ಅದನ್ನು ಕೋಟೆಗೂ ಗುಡಿಗೂ ಹಚ್ಚಿದರು.

ಸುಮಾರು 641ರ ಹೊತ್ತಿಗೆ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಪುಲಕೇಶಿಯ ರಾಜ್ಯಕ್ಕೆ ಬಂದ. ಇಲ್ಲಿಯ ಜನ ಉಪಕಾರ ಮರೆಯುವುದಿಲ್ಲ, ಅಪಕಾರಕ್ಕೆ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ, ಆದರೆ ಸೇಡಿಗೆ ಮೊದಲು ಎಚ್ಚರಿಕೆ ಕೊಡುತ್ತಾರೆ ಎಂದು ಬರೆದ. ಸೋತ ಸೇನಾಪತಿಗೆ ಹೆಂಗಸಿನ ಉಡುಪು ತೊಡಿಸುವ ಪದ್ಧತಿಯನ್ನೂ, ಮದ್ಯ ಕುಡಿಸಿ ಯುದ್ಧಕ್ಕೆ ಬಿಡುವ ಆನೆಗಳನ್ನೂ ದಾಖಲಿಸಿದ. ಅಷ್ಟು ಗಟ್ಟಿಯಾಗಿ ಕಂಡ ರಾಜ್ಯ ಮರುವರ್ಷವೇ ಉರುಳಿತು.

642ರಲ್ಲಿ ಪಲ್ಲವ ನರಸಿಂಹವರ್ಮ ಕಂಚಿಯಿಂದ ದಂಡೆತ್ತಿ ಬಂದ. ಅದಕ್ಕೆ ಮೊದಲು ಪುಲಕೇಶಿ ಪಲ್ಲವರ ನೆಲಕ್ಕೆ ಎರಡು ಸಲ ನುಗ್ಗಿದ್ದ. ಎರಡನೆಯ ಸಲದ ದಾಳಿ ತಿರುಗಿಬಿತ್ತು. ಪರಿಯಳ, ಮಣಿಮಂಗಲ, ಶೂರಮಾರಗಳಲ್ಲಿ ಸೋತು ಹಿಂದೆ ಸರಿದ ಸೈನ್ಯವನ್ನು ಪಲ್ಲವರು ಬೆನ್ನಟ್ಟಿ ರಾಜಧಾನಿಯವರೆಗೆ ಬಂದರು. ಕೋಟೆ ಹೇಗೆ ಬಿತ್ತು, ಪುಲಕೇಶಿ ಎಲ್ಲಿ ಮಡಿದ ಎಂಬುದನ್ನು ಚಾಲುಕ್ಯರ ಶಾಸನಗಳು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಗೆದ್ದವರ ತಾಮ್ರಪಟಗಳು. ಬೆನ್ನುಕೊಟ್ಟ ಪುಲಕೇಶಿಯ ಬೆನ್ನನ್ನೇ ಪಟ್ಟಿಕೆ ಮಾಡಿಕೊಂಡು ಅದರ ಮೇಲೆ ವಿಜಯದ ಅಕ್ಷರ ಬರೆದನೆಂದು ಕೂರಂ ತಾಮ್ರಪಟ ಬೀಗುತ್ತದೆ. ಬಾದಾಮಿಯ ಒಳಗೇ ಇರುವ ಸಾಕ್ಷಿ ಅದಕ್ಕಿಂತ ಗಟ್ಟಿಯಾದದ್ದು. ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯ ಮೇಲೆ ನರಸಿಂಹವರ್ಮ ತನ್ನ ಆಳ್ವಿಕೆಯ ಹದಿಮೂರನೆಯ ವರ್ಷದಲ್ಲಿ ಕೆತ್ತಿಸಿದ ಶಾಸನವಿದೆ. ಅಕ್ಷರ ಬಹಳಷ್ಟು ಸವೆದುಹೋಗಿದೆ. ಆದರೂ ವಾತಾಪಿಯ ಹೆಸರು, ಮಹಾಮಲ್ಲನೆಂಬ ಬಿರುದು ಓದಲು ಸಿಕ್ಕಿವೆ. ನಮ್ಮ ರಾಜಧಾನಿಯ ಎದೆಯ ಮೇಲೆ ಕುಳಿತು ಬರೆಸಿದ ಬರಹ ಅದು. ಅದನ್ನು ಒರೆಸಿ ಹಾಕುವ ಗೋಜಿಗೆ ಮುಂದಿನ ಚಾಲುಕ್ಯರು ಹೋಗಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಪಲ್ಲವ ದಳಪತಿ ಪರಂಜೋತಿ ಇಲ್ಲಿಂದ ಗಣಪತಿ ವಿಗ್ರಹವೊಂದನ್ನು ತಿರುಚ್ಚೆಂಗಾಟ್ಟಂಗುಡಿಗೆ ಒಯ್ದನೆಂಬುದು ತಮಿಳುನಾಡಿನ ನಂಬಿಕೆ. ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿ ಕೃತಿಯಿಂದಾಗಿ ಬಾದಾಮಿಯ ಹಳೆಯ ಹೆಸರು ದಕ್ಷಿಣದ ಕಚೇರಿಗಳಲ್ಲೆಲ್ಲ ಇಂದಿಗೂ ಮೊದಲಿಗೇ ಕೇಳಿಬರುತ್ತದೆ.

ಹನ್ನೆರಡು ಹದಿಮೂರು ವರ್ಷ ವಾತಾಪಿಯಲ್ಲಿ ಚಾಲುಕ್ಯರ ಸಿಂಹಾಸನವಿರಲಿಲ್ಲ. 654-55ರಲ್ಲಿ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಮರಳಿ ಪಡೆದ. ಇನ್ನೆರಡು ತಲೆಮಾರಿನ ಆಚೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿ ಅದನ್ನು ಗೆದ್ದ. ಅಲ್ಲಿಯ ಕೈಲಾಸನಾಥ ಗುಡಿಯ ಸಂಪತ್ತು ನೋಡಿ ಅದನ್ನು ದೇವರಿಗೇ ಮರಳಿ ಬಿಟ್ಟೆನೆಂದು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಬಾದಾಮಿಯ ಬಂಡೆಯ ಮೇಲೆ ಪಲ್ಲವರ ಬರಹ, ಕಂಚಿಯ ಕಂಬದ ಮೇಲೆ ಕನ್ನಡದ ಬರಹ. ಎರಡನ್ನೂ ಒಟ್ಟಿಗೆ ಓದದೆ ಆ ಶತಮಾನ ಅರ್ಥವಾಗುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಇಮ್ಮಡಿ ಪುಲಕೇಶಿ ಹರ್ಷನನ್ನು ಗೆದ್ದದ್ದು ದೊಡ್ಡ ಅಕ್ಷರದಲ್ಲಿರುತ್ತದೆ, ತನ್ನ ಕೋಟೆಯನ್ನೇ ಕಳೆದುಕೊಂಡದ್ದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಮಕ್ಕಳಿಗೆ ಎರಡನ್ನೂ ಸರಿಸಮ ಹೇಳಬೇಕು.

ಎಂಟನೆಯ ಶತಮಾನದ ನಡುವೆ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರ ಆಳ್ವಿಕೆ ಮುಗಿಸಿದ ಮೇಲೆ ಬಾದಾಮಿ ಮತ್ತೆಂದೂ ರಾಜಧಾನಿಯಾಗಲಿಲ್ಲ. ಆದರೆ ಕೋಟೆಯಾಗಿ ಬದುಕಿತು. ವಿಜಯನಗರ, ಬಿಜಾಪುರ, ಸವಣೂರು, ಮರಾಠರು, ಹೈದರ್ ಅಲಿ, ಟಿಪ್ಪು ಎಂದು ಒಡೆಯರು ಬದಲಾದರು.

ಈ ಕೋಟೆಯ ಮುತ್ತಿಗೆಗಳಲ್ಲಿ ವಿವರವಾಗಿ ತಿಳಿದದ್ದು 1786ರದು. ಟಿಪ್ಪುವಿನ ಮೇಲೆ ಮರಾಠರೂ ಹೈದರಾಬಾದಿನ ನಿಜಾಮನೂ ಕೂಡಿ ಬಂದಿದ್ದರು. ಪುಣೆಯ ಮಂತ್ರಿ ನಾನಾ ಫಡ್ನವೀಸನೇ ದಂಡಿನ ಜೊತೆ ಇದ್ದ. ಮೇ 1ರಂದು ಮುತ್ತಿಗೆ ಶುರುವಾಯಿತು. ಒಳಗೆ ಟಿಪ್ಪುವಿನ ಸುಮಾರು 3,500 ಕಾವಲಿನವರು. ಸುಡುವ ಬೇಸಿಗೆಯಲ್ಲಿ ಮೂರು ವಾರ ತೋಪು ಹೊಡೆದರೂ ಊರ ಗೋಡೆಗೆ ಹೇಳಿಕೊಳ್ಳುವಂಥ ಪೆಟ್ಟಾಗಲಿಲ್ಲ. ಕೊನೆಗೆ ಏಣಿ ಹಾಕಿ ಹತ್ತುವುದೆಂದು ತೀರ್ಮಾನಿಸಿ, ಮೇ 20ರ ಬೆಳಗ್ಗೆ ಮರಾಠ, ನಿಜಾಮ ಎರಡೂ ಕಡೆಯ ಸುಮಾರು 20,000 ಕಾಲಾಳುಗಳು ಗೋಡೆಯ ಕಡೆ ಓಡಿದರು. ಕಂದಕದಲ್ಲಿಯೂ ಅದರಾಚೆಯ ಮರೆದಾರಿಯಲ್ಲಿಯೂ ಹೂತಿಟ್ಟಿದ್ದ ಮದ್ದಿನ ಸುರಂಗಗಳು ಅವರ ಕಾಲಕೆಳಗೆ ಸಿಡಿದವು. ಎಷ್ಟೋ ಜನ ಅಲ್ಲೇ ಸತ್ತರು. ಆದರೂ ಉಳಿದವರು ಏಣಿ ಹತ್ತಿ ಗೋಡೆಯ ಮೇಲೆ ಬಂದರು. ಕಾವಲಿನವರು ಊರು ಬಿಟ್ಟು ಮೇಲಿನ ಎರಡು ಕೋಟೆಗಳಿಗೆ ಓಡಿದರು. ಬೆನ್ನಟ್ಟಿದವರು ಈಗ ನಾವು ನಡೆಯುವ ಆ ಬಂಡೆಯ ಓಣಿಗಳಲ್ಲೇ ನುಗ್ಗಿರಬೇಕು. ಮೇಲಿನಿಂದ ಕಾವಲಿನವರು ದೊಡ್ಡ ದೊಡ್ಡ ಬಂಡೆಗಳನ್ನು ಉರುಳಿಸಿದರು, ಬಂದೂಕಿನ ಗುಂಡು ಸುರಿಸಿದರು. ಏರಿ ಬಂದವರು ಅಲ್ಲಿ ಮುಗ್ಗರಿಸಿದರು. ಆ ಓಣಿಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಅಂಚಿನಲ್ಲಿ ಇನ್ನೂ ಸಡಿಲಾಗಿ ಕುಳಿತ ಕಲ್ಲುಗಳು ಕಾಣುತ್ತವೆ. ಅಂಥ ಒಂದು ಕಲ್ಲು ಎರಡು ಗೋಡೆಗಳ ನಡುವೆ ಬಿದ್ದರೆ ಕೆಳಗಿದ್ದವನಿಗೆ ಸರಿಯಲು ಜಾಗವೇ ಇಲ್ಲ. ಪುಲಕೇಶಿಯ ಶಾಸನದ ಮಾತು 1,243 ವರ್ಷಗಳ ಆಚೆ, ತೋಪು ಬಂದೂಕಿನ ಕಾಲದಲ್ಲಿ, ಬರಿಯ ಕಲ್ಲಿನ ಬಲದಿಂದ ನಿಜವಾಯಿತು.

ನಿಜವಾದರೂ ಉಪಯೋಗವಾಗಲಿಲ್ಲ. ಅಷ್ಟು ಬಲವಾಗಿ ಹಿಮ್ಮೆಟ್ಟಿಸಿದ ಮೇಲೂ ಮೇಲಿನ ಕೋಟೆಯವರು ಬೇಗನೆ ಶರಣಾದರು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಬಾದಾಮಿ ಮರಾಠರಿಗೆ ಹೋಯಿತು.

1818ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋ ಬಂದಾಗಲೂ ನಡೆದದ್ದು ಅದೇ. ಪೇಶ್ವೆಯ ವಿರುದ್ಧದ ಆ ಯುದ್ಧದಲ್ಲಿ ಅವನ ಬಳಿ ಪಳಗಿದ ಪಡೆ ಕಡಿಮೆ ಇತ್ತು. ಸುತ್ತಲಿನ ಊರುಗಳಿಂದ ಶಿಬಂದಿ ಕೂಡಿಸಿಕೊಂಡೇ ಅವನು ಮುಂದುವರಿದದ್ದು. ಬಯಲ ಕಡೆಯಿಂದ ಊರಗೋಡೆಗೆ ತೋಪು ಹೊಡೆಸಿದ, ಗೋಡೆ ಬಾಯಿಬಿಟ್ಟಿತು. 18ರ ಬೆಳಗಿನ ಜಾವ ದಾಳಿಯವರು ಒಳನುಗ್ಗಿದರು. ಮೇಲಿನ ಕೋಟೆಗಳು ಕಾಳಗವಿಲ್ಲದೆ ಶರಣಾದವು. ಕೆಲವೇ ದಿನಗಳಲ್ಲಿ ಬಾಗಲಕೋಟೆಯೂ ಕಂಪನಿಯ ಕೈಸೇರಿತು.

ಎರಡು ಮುತ್ತಿಗೆ, ಒಂದೇ ಕಥೆ. ಬಾದಾಮಿಯ ಬೆಟ್ಟವನ್ನು ಯಾರೂ ಬಡಿದು ಗೆಲ್ಲಲಿಲ್ಲ. ಗೆದ್ದದ್ದು ಪಡುವಣದ ಊರನ್ನು. ಊರು ಹೋದ ಮೇಲೆ ಬೆಟ್ಟ ತಾನಾಗಿಯೇ ಕೈಬಿಟ್ಟಿತು. ಇಲ್ಲಿಗೆ ಆ ಒಗೆಯುವ ತಾಯಿಯ ಮಾತು ಬರುತ್ತದೆ. ಮೇಲೆ ಬಂಡೆಯಲ್ಲಿ ದೊಣೆಗಳಿವೆ, ಮಳೆನೀರು ಹಿಡಿಯಲು ಕಡಿದ ತೊಟ್ಟಿಗಳಿವೆ. ಮಳೆಗಾಲದಲ್ಲಿ ತುಂಬುತ್ತವೆ, ಬೇಸಿಗೆಯಲ್ಲಿ ಒಣಗುತ್ತವೆ. 1786ರ ಮುತ್ತಿಗೆ ಮೇ ತಿಂಗಳಿನದು, 1818ರದು ಫೆಬ್ರವರಿಯದು. ಆಸರೆಯಾಗಬೇಕಾದ ಅಗಸ್ತ್ಯತೀರ್ಥ ಕೆಳಗೆ, ಊರ ಬೆನ್ನಿಗೆ. ಊರು ಹಿಡಿದವನ ಕೈಯಲ್ಲಿ ಹೊಂಡ. ಸಾವಿರಾರು ಜನ ಬಂಡೆಯ ಮೇಲೆ ಎಷ್ಟು ದಿನ ನೀರಿಲ್ಲದೆ ಕೂಡಬಲ್ಲರು? ಕಣಜದಲ್ಲಿ ಜೋಳವಿದ್ದರೂ ಬೇಯಿಸಲು ನೀರು ಬೇಕು. 642ರಲ್ಲಿಯೂ ಹೀಗೆಯೇ ಆಗಿತ್ತೆಂದು ಹೇಳಲು ಬರಹದ ಆಧಾರವಿಲ್ಲ. ಆದರೆ ನೆಲ ಅದೇ, ಹೊಂಡ ಅದೇ, ಬಯಲಿನ ದಾರಿ ಅದೇ. ಬೇರೆ ರೀತಿ ಆಗಿರಲು ಸಾಧ್ಯ ಕಡಿಮೆ ಎಂಬುದು ನನ್ನ ತೀರ್ಮಾನ.

ಕೋಟೆಯ ಕೊನೆಯ ಕಥೆಯನ್ನು ಬಾದಾಮಿಯಲ್ಲೂ ಬಹಳ ಮಂದಿ ಹೇಳುವುದಿಲ್ಲ. 1840-41ರಲ್ಲಿ ನರಸಿಂಹ ದತ್ತಾತ್ರೇಯ ಪೇಟಕರನೆಂಬ ಕುರುಡ ಬ್ರಾಹ್ಮಣನೊಬ್ಬ ನಿಜಾಮನ ಸೀಮೆಯಿಂದ 125 ಅರಬ್ಬರನ್ನು ಕರೆದುಕೊಂಡು ಬಂದು ಬಾದಾಮಿಯನ್ನು ಹಿಡಿದ. ಸರಕಾರಿ ಖಜಾನೆ ಲೂಟಿಯಾಯಿತು, ಪೇಟೆ ಲೂಟಿಯಾಯಿತು. ಕಂಪನಿಯ ಆಳ್ವಿಕೆ ಮುಗಿಯಿತೆಂದು ಸಾರಿ, ಸಾತಾರೆಯ ಛತ್ರಪತಿಯ ಹೆಸರಿನಲ್ಲಿ ಅಧಿಕಾರ ನಡೆಸಲು ಕುಳಿತ. ಧಾರವಾಡದಿಂದ ಪಡೆ ಬಂತು. ವಾರದೊಳಗೆ ಅವನೂ ಅವನ ಜೊತೆಯವರೂ ಸಿಕ್ಕಿಬಿದ್ದರು, ವಿಚಾರಣೆಯಾಗಿ ಜೀವಾವಧಿ ಶಿಕ್ಷೆಯಾಯಿತು. ಕಿತ್ತೂರಿನ ರಾಯಣ್ಣನನ್ನು ಗಲ್ಲಿಗೇರಿಸಿ ಹತ್ತು ವರ್ಷವಾಗಿತ್ತು, ಪಕ್ಕದ ನರಗುಂದ ಮತ್ತು ಹಲಗಲಿಯ ಬಂಡಾಯಗಳಿಗೆ ಇನ್ನೂ ಹದಿನಾರು ಹದಿನೇಳು ವರ್ಷ ಬಾಕಿ. ಆ ಸರಪಳಿಯಲ್ಲಿ ಪೇಟಕರನ ಕೊಂಡಿ ಸಣ್ಣದಿರಬಹುದು, ಅವನ ಜನ ಪೇಟೆ ಸುಲಿದದ್ದನ್ನು ಮುಚ್ಚಿಡುವಂತೆಯೂ ಇಲ್ಲ. ಆದರೂ ಕಣ್ಣಿಲ್ಲದ ಮನುಷ್ಯ ಈ ಬೆಟ್ಟವನ್ನು ಹಿಡಿದರೆ ರಾಜ್ಯ ಹಿಡಿದಂತೆ ಎಂದು ನಂಬಿ ಬಂದನಲ್ಲ, ಒಂದನೆಯ ಪುಲಕೇಶಿಯ ಲೆಕ್ಕವೂ ಅದೇ ಆಗಿತ್ತು.

ಇಂಥ ಸುದ್ದಿ ಮತ್ತೆ ಬರಬಾರದೆಂದು ಸರಕಾರ ಅದಾದ ಕೆಲವೇ ವರ್ಷಗಳಲ್ಲಿ ಕೋಟೆಯನ್ನು ಕೆಡವಿಸಿತು. ಇಂದು ಅಲ್ಲಲ್ಲಿ ತುಂಡಾಗಿ ನಿಂತ ಗೋಡೆ, ತಲೆಯಿಲ್ಲದ ಹುಡೇವು ಕಾಣುವುದಕ್ಕೆ ಮಳೆ ಗಾಳಿಯಷ್ಟೇ ಆ ಅಪ್ಪಣೆಯೂ ಕಾರಣ.

ಈಗಿನ ಸ್ಥಿತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ರಣಮಂಡಲ ಕೋಟೆಗೆ ಗುಹೆಗಳ ನಡುವಿನಿಂದ ಕಡಿದಾದ ಮೆಟ್ಟಿಲಿದೆ, ಮೇಲೆ ಹಳೆಯ ತೋಪು ಇನ್ನೂ ಇದೆ. ಆದರೆ ಆ ದಾರಿಗೆ ಬೀಗ ಹಾಕಿ ವರ್ಷಗಳಾಗಿವೆ. ಅಪಾಯದ ದಾರಿ ಎಂಬ ಕಾರಣ ಸರಿಯಾದದ್ದೇ, ಜೀವಕ್ಕಿಂತ ನೋಟ ದೊಡ್ಡದಲ್ಲ. ಆದರೆ ಕಂಬಿ ಹಾಕಿ, ಮಾರ್ಗದರ್ಶಕರ ಜೊತೆ ಸಣ್ಣ ಗುಂಪುಗಳಲ್ಲಿ ಬಿಡುವ ವ್ಯವಸ್ಥೆ ಮಾಡಲು ಆಗದ ಕೆಲಸವೇನಲ್ಲ. ಅರ್ಧ ಕೋಟೆಯನ್ನು ಜನರಿಂದ ಶಾಶ್ವತವಾಗಿ ಮುಚ್ಚಿಡುವುದು ಪರಿಹಾರವಾಗಬಾರದು. ಇನ್ನೊಂದು, ಊರಿನೊಳಗಿನ ಕೋಟೆ. ಮೇಲಿನ ಕೋಟೆಗಳಿಗೆ ಬೇಲಿ ಇದೆ, ಕಾವಲಿದೆ. ಕೆಳಗಿನ ಊರಗೋಡೆ ಮನೆಗಳ ಹಿತ್ತಿಲಾಗಿ, ಅಡಿಪಾಯವಾಗಿ ಕರಗಿಹೋಗಿದೆ. ಮುತ್ತಿಗೆಗಳ ನಿಜವಾದ ಕಾಳಗ ನಡೆದದ್ದು ಅಲ್ಲೇ. ಮನೆಗಳನ್ನು ಎಬ್ಬಿಸಿ ಎಂದು ನಾನು ಹೇಳುವುದಿಲ್ಲ. ತಲೆತಲಾಂತರದಿಂದ ಅಲ್ಲಿ ಬಾಳಿದವರ ಹಕ್ಕು ಆ ಗೋಡೆಯಷ್ಟೇ ದೊಡ್ಡದು. ಉಳಿದ ತುಂಡುಗಳು ಎಲ್ಲೆಲ್ಲಿವೆ ಎಂದು ಗುರುತಿಸಿ, ಬಾದಾಮಿಯ ಶಾಲಾ ಮಕ್ಕಳಿಗೆ ತೋರಿಸಿದರೂ ಸಾಕು. ಕೋಟೆಯ ಹೆಸರನ್ನೇ ಹೊತ್ತ ಬಾಗಲಕೋಟೆಯಲ್ಲಿ ಹಳೆಯ ಊರಿನ ಬಹುಭಾಗ ಆಲಮಟ್ಟಿಯ ಹಿನ್ನೀರಿಗೆ ಹೋದದ್ದನ್ನು ನಮ್ಮ ಜನ ಕಣ್ಣಾರೆ ಕಂಡಿದ್ದಾರೆ. ಹೋದ ಮೇಲೆ ಮರಳಿ ಬರುವುದಿಲ್ಲ.

ಮುಂದಿನ ಸಲ ಬಾದಾಮಿಗೆ ಹೋದಾಗ ಗುಹೆಗಳನ್ನು ಸಂಜೆಗೆ ಇಟ್ಟುಕೊಳ್ಳಿ, ಇಳಿಬಿಸಿಲಿನಲ್ಲಿ ಅವು ಇನ್ನೂ ಚೆಂದ. ಬೆಳಗ್ಗೆ ಬಿಸಿಲೇರುವ ಮೊದಲು ಬಾವನ್ ಬಂಡೆ ಕೋಟೆ ಹತ್ತಿ. ಮಕ್ಕಳಿದ್ದರೆ ಕೈಹಿಡಿದುಕೊಳ್ಳಿ, ಅಂಚಿಗೆ ಎಲ್ಲ ಕಡೆ ಕಂಬಿಯಿಲ್ಲ. ಮೇಲಿನ ಶಿವಾಲಯದ ಬಳಿ ನಿಂತು ಪಡುವಣಕ್ಕೆ ಮುಖಮಾಡಿದರೆ ಊರು, ಅದರಾಚೆ ದಂಡುಗಳು ಬೀಡುಬಿಟ್ಟಿದ್ದ ಬಯಲು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಕುಡಿಯುವ ನೀರನ್ನು ಮಾತ್ರ ಮರೆಯದೆ ಒಯ್ಯಿರಿ.